ಹಕೀಮರ ದುಕಾನಿನ ಸವದಾ

ಕೊಂಕಲ್ಲಿನಿಂದ ಶಹಾಪುರದ ಹಕೀಮರ ದುಕಾನಿಗೆ ಹೋಗಿ ಬರುವುದು ದುಬಾರಿಯ ಕೆಲಸವೇನಲ್ಲ. ಇಬ್ಬರ ಬಸ್ಸಿನ ಚಾರ್ಜು ಒಂದು ಕೋಳಿ ಮಾರಿದರೆ ಹುಟ್ಟುತ್ತಿತ್ತು. ಹಕೀಮರಿಗೆ ಕೈಲಾದಷ್ಟು ಕೊಟ್ಟರೆ ನಡೆಯುತ್ತಿತ್ತು. ನಿಜಾಮನ ಸಿಕ್ಕಾ ಕೊಟ್ಟರೂ ಸರಿ, ಇಂಗ್ಲಿಷರ ಕಲದಾರ ಕೊಟ್ಟರೂ ಸರಿ, ಆ ವರ್ಷ ಹೊಸದಾಗಿ ಬಂದಿದ್ದ ನಯಾ ಪೈಸೆ ಕೊಟ್ಟರೂ ಸರಿ, ಅವರು ನೋಡದೆ ಗಲ್ಲಾಕ್ಕೆ ಹಾಕುತ್ತಿದ್ದರು. ಖರ್ಚು ಬರುತ್ತಿದ್ದುದು ಸುಳ್ಳಿಗೆ. ಬಸ್ಸಿನಲ್ಲಿ ಪಕ್ಕ ಕೂತವಳಿಗೆ ಒಂದು ಸುಳ್ಳು, ಓಣಿಯವರಿಗೆ ಒಂದು, ಹೊಲದ ಪಾಲುದಾರನಿಗೆ ಇನ್ನೊಂದು. ಈ ಮಂಗಳವಾರ ಹೇಳಿದ್ದನ್ನು ಮುಂದಿನ ಮಂಗಳವಾರದ ತನಕ ನೆನಪಿಟ್ಟುಕೊಂಡು, ಅದಕ್ಕೆ ಹೊಂದುವಂಥದನ್ನೇ ಮತ್ತೆ ಹೇಳಬೇಕು. ರೇಣಮ್ಮನ ತವರಿನವರು ಬಡವರು. ಜೋಳ ಹೇಗೋ ಹೊಂದಿಸುತ್ತಿದ್ದರು, ಇಷ್ಟೊಂದು ಸುಳ್ಳು ಹೊಂದಿಸುವ ಶಕ್ತಿ ಅವರಿಗಿರಲಿಲ್ಲ.

ಹೋಗಬೇಕಾಗಿ ಬಂದದ್ದು ರೇಣಮ್ಮನ ತಂಗಿ ಮೌನಮ್ಮನ ಸಲುವಾಗಿ. ಆ ಬೇಸಿಗೆಯಲ್ಲಿ ಅವರ ಅಪ್ಪ ಹೊಲದ ಬದುವಿನ ಮೇಲೆ ಹಾವು ಕಡಿದು ಸತ್ತಿದ್ದ. ಬುತ್ತಿ ಹೊತ್ತು ಹೋಗಿ ಮೊದಲು ಕಂಡವಳು ಮೌನಮ್ಮ. ಅಂದಿನಿಂದ ರೊಟ್ಟಿ ಬಡಿಯಲು ಕೂತರೆ ಅವಳ ಕೈ ನಡುಗುತ್ತಿತ್ತು. ಹೊತ್ತು ಮುಳುಗಿತೆಂದರೆ "ಅಪ್ಪ ಕೂಗಾಕತ್ತಾನ" ಎಂದು ಎದ್ದು ಹೊಲದ ದಾರಿ ಹಿಡಿಯುತ್ತಿದ್ದಳು. ಗೋಗಿ ಊರಿಗೆ ಕೊಟ್ಟಿದ್ದ ರೇಣಮ್ಮ ಪಂಚಮಿಗೆಂದು ತವರಿಗೆ ಬಂದವಳು ಇದನ್ನು ನೋಡಿದಳು. ಅಪ್ಪನ ಮಣ್ಣಿಗೆ ಬಂದು ಅಂದೇ ಮರಳಿದ್ದನ್ನು ಬಿಟ್ಟರೆ, ಹಿಂದಿನ ವರ್ಷ ತನ್ನ ಗಂಡುಕೂಸು ತೀರಿಕೊಂಡ ಮೇಲೆ ಅವಳು ತವರಿಗೆ ಬಂದು ಉಳಿದದ್ದು ಅದೇ ಮೊದಲು. ಅಳಬೇಕೆಂದು ಬಂದಿದ್ದಳು, ಅಳಲು ಪುರಸೊತ್ತು ಸಿಗಲಿಲ್ಲ. ತಾಯಿ ಭೀಮಮ್ಮನನ್ನು ಒಪ್ಪಿಸಿ, ತನ್ನ ಹಸಿರು ಸೀರೆ ತಂಗಿಗೆ ಉಡಿಸಿ, ಇಬ್ಬರನ್ನೂ ಶಹಾಪುರದ ಬಸ್ಸಿಗೆ ಹತ್ತಿಸಿದಳು. ತಾನು ಹೋಗಲಿಲ್ಲ. ಹಕೀಮರ ದುಕಾನಿನಲ್ಲಿ ಕೆಲಸಕ್ಕಿದ್ದವನು ಅವಳ ಗಂಡ ಲಾಲಪ್ಪ.

ಹಕೀಮ ನಸೀರುದ್ದೀನರ ದುಕಾನಿಗೆ ಎರಡು ಬಾಗಿಲು. ಮುಂದಿನದು ಬಜಾರಕ್ಕೆ ತೆರೆದದ್ದು. ಅಲ್ಲಿ ಅಳಲೆಕಾಯಿ, ಸೋಂಪು, ಗುಲಕಂದ, ಒಣಶುಂಠಿ ಮಾರಾಟ. ಹಿಂದಿನದು ಹಿತ್ತಲ ಬೇವಿನ ಗಿಡದ ಕಡೆಗೆ. ಮನಸ್ಸು ಕೆಟ್ಟವರು ಬರುತ್ತಿದ್ದುದು ಹಿಂದಿನ ಬಾಗಿಲಿಗೆ. ಮೈಯಲ್ಲಿ ನಾಲ್ಕು ಥರದ ರಸ ಇರುತ್ತವೆ, ಅದರಲ್ಲಿ ಕಪ್ಪು ರಸಕ್ಕೆ ಸೌದಾ ಎನ್ನುತ್ತಾರೆ, ಅದು ಹೆಚ್ಚಾದರೆ ಮನಸ್ಸಿಗೆ ಕತ್ತಲು ಕವಿಯುತ್ತದೆ ಎಂಬುದು ಹಕೀಮರ ವೈದ್ಯದ ಲೆಕ್ಕ. ಜನರ ಬಾಯಲ್ಲಿ ಅದು ಸವದಾ ಆಯಿತು. ಸವದಾ ಎಂದರೆ ಸಂತೆಯ ಸಾಮಾನು. "ಸವದಾಕ್ಕ ಹೊಂಟೀನಿ" ಎಂದರೆ ಮುಗಿಯಿತು, ಮತ್ತೆ ಯಾರೂ ಕೇಳುತ್ತಿರಲಿಲ್ಲ. ಬಂದವರನ್ನು ಹಕೀಮರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೈಗೊಂದು ಬೀಜ ಕೊಟ್ಟು ಕೂಡಿಸುತ್ತಿದ್ದರು. "ಹುಣಸಿಬೀಜ ಬರ್ಲಿ", "ಅಂಟವಾಳ ಬರ್ಲಿ" ಎಂದು ಕೂಗುತ್ತಿದ್ದರು. ಕಾಗದದ ಮೇಲೆ ಬರೆದಿಡುತ್ತಿದ್ದುದೂ ಬೀಜದ ಹೆಸರನ್ನೇ. ಯಾವ ಬೀಜ ಯಾರು ಎನ್ನುವುದು ಹಕೀಮರಿಗೆ ಗೊತ್ತು, ಬೀಜ ಹಂಚುವ ಲಾಲಪ್ಪನಿಗೆ ಗೊತ್ತು. ಕಾಗದಕ್ಕೆ ಬಾಯಿಲ್ಲ. ಲಾಲಪ್ಪನಿಗಿತ್ತು.

ಶ್ರಾವಣ ಮುಗಿಯುವ ಹೊತ್ತಿಗೆ ಮೌನಮ್ಮ ಮತ್ತೆ ರೊಟ್ಟಿ ಬಡಿಯತೊಡಗಿದಳು. ರೇಣಮ್ಮ ಗೋಗಿಗೆ ಮರಳಿದಳು. "ನಿಮ್ಮವ್ವ, ನಿನ್ನ ತಂಗಿ ಬಂದಿದ್ರು" ಎಂದು ಲಾಲಪ್ಪ ಒಂದು ದಿನವೂ ಹೇಳಲಿಲ್ಲ. "ನಾನೇ ಕಳಿಸಿದ್ದೆ" ಎಂದು ರೇಣಮ್ಮನೂ ಹೇಳಲಿಲ್ಲ. ಒಂದೇ ಕಂಬಳಿ ಹೊದ್ದು ಮಲಗುವ ಇಬ್ಬರು ಒಂದೇ ಮಾತನ್ನು ಬೇರೆ ಬೇರೆಯಾಗಿ ಮುಚ್ಚಿಟ್ಟುಕೊಂಡಿದ್ದರು.

ಅದೇ ಕಾಲಕ್ಕೆ ಲಾಲಪ್ಪನ ತಮ್ಮ ಅಮೋಘಸಿದ್ದನಿಗೆ ಶಹಾಪುರದ ತಹಸೀಲಿನಲ್ಲಿ ಚಪರಾಸಿಯ ನೌಕರಿ ಸಿಕ್ಕಿತು. ನಾಡು ಮೈಸೂರು ರಾಜ್ಯಕ್ಕೆ ಸೇರಿ ವರ್ಷ ತುಂಬುತ್ತ ಬಂದಿತ್ತು. ಕಚೇರಿಯಲ್ಲಿ ಉರ್ದು ಬಲ್ಲವರು ಬೇಕಾದಷ್ಟಿದ್ದರು, ಕನ್ನಡ ಓದಬಲ್ಲವರು ಕಡಿಮೆ. ಕುರಿ ಕಾಯುತ್ತಲೇ ಮಠದ ಅಯ್ಯನವರ ಹತ್ತಿರ ನಾಲ್ಕಕ್ಷರ ಕಲಿತಿದ್ದ ಅಮೋಘಸಿದ್ದ ಖಾಕಿ ಅಂಗಿ ತೊಟ್ಟ. ತಾಯಿ ಮಲಕಮ್ಮನ ನಡಿಗೆಯೇ ಬದಲಾಯಿತು. ಕುರಿಹಟ್ಟಿಯ ಮನೆಗೆ ಸರಕಾರಿ ಸಂಬಳ ಬಂದದ್ದು ಅದೇ ಮೊದಲು.

"ಹೆಣ್ಣು ಮಾತ್ರ ತೊಳೆದ ಮುತ್ತಿನಂಗ ಇರಬೇಕು. ಒಂದ ಕಲಿ ಇರಬಾರದು," ಎಂದು ಮಲಕಮ್ಮ ರೊಟ್ಟಿ ಬಡಿಯುತ್ತ ಹೇಳಿದಳು.

"ನನ್ನ ಮುಖದ ಮ್ಯಾಲ ಮೈಲಿಬ್ಯಾನಿ ಕಲಿ ಅವಲ್ಲಬೇ," ಎಂದ ಅಮೋಘಸಿದ್ದ.

"ಗಂಡಸಿನ ಮುಖ ಯಾರ ನೋಡ್ತಾರ? ಪಗಾರ ನೋಡ್ತಾರ."

ಮೊದಲು ಬಂದದ್ದು ಸುರಪುರದ ಯಂಕಣ್ಣನ ಮಗಳ ಮಾತು. ಉಣ್ಣುತ್ತಿದ್ದಾಗ ಮಲಕಮ್ಮ ಹಿರಿಮಗನನ್ನು ಕೇಳಿದಳು, "ಏ ಲಾಲ್ಯಾ, ಆ ಹುಡುಗಿ ನಿಮ್ಮ ಹಕೀಮನ ಹಿಂದಿನ ಬಾಗಿಲಿಗೇನರ ಬಂದಿದ್ಳೇನೋ?"

"ಏ, ಇಲ್ಲಬೇ," ಎಂದ ಲಾಲಪ್ಪ ನಗುತ್ತ. "ಆಕಿಗೇನಾಗ್ಯಾದ? ಗುಂಡಕಲ್ಲಿನಂಗ ಅದಾಳಂತ."

ಎಲ್ಲರೂ ನಕ್ಕರು. ಆ ಸಂಬಂಧ ಬೇರೆ ಕಾರಣಕ್ಕೆ ಮುರಿಯಿತು. ಯಂಕಣ್ಣನಿಗೆ ಮನೆಅಳಿಯ ಬೇಕಾಗಿತ್ತು. "ನೌಕರಿ ಮಗನ್ನ ಬಿಟ್ಟುಕೊಡಾಕ ನಾ ಏನ್ ಕುರಿ ಮಾರಾಕ ಬಂದೀನೇನು?" ಎಂದು ಮಲಕಮ್ಮ ಎದ್ದು ಬಂದಳು. ಲಾಲಪ್ಪ ಅಂದು ಅಂದ "ಇಲ್ಲ" ಯಾರ ನೆನಪಿನಲ್ಲೂ ಉಳಿಯಲಿಲ್ಲ, ಮಲಕಮ್ಮನ ನೆನಪಿನಲ್ಲಿ ಬಿಟ್ಟರೆ.

ಆಮೇಲೆ ಅಮೋಘಸಿದ್ದನೇ ಒಂದು ದಿನ ರೇಣಮ್ಮನ ಹತ್ತಿರ ಬಂದು, "ವೈನೀ, ನಿನ್ನ ತಂಗಿ ಹೆಸರು ಮೌನಮ್ಮ ಅಂತಲ್ಲ, ಖರೇನ ಮಾತಾಡಂಗಿಲ್ಲೇನು?" ಎಂದು ಕೇಳಿದ.

"ಯಾಕ?"

"ಈ ಮನ್ಯಾಗ ಮಾತಾಡದವರು ಒಬ್ಬರಾದ್ರೂ ಬೇಕಾಗ್ಯಾರ."

ರೇಣಮ್ಮನಿಗೆ ನಗುವೂ ಬಂತು, ಹೆದರಿಕೆಯೂ ಬಂತು. ಆದರೆ ತಾಯಿಯ ಮನೆಯಲ್ಲಿ ಗಂಡು ದಿಕ್ಕಿಲ್ಲ. ತಂಗಿ ತನ್ನ ಕಣ್ಣೆದುರೇ ಬಂದು ಬಾಳಿದರೆ ಅದಕ್ಕಿಂತ ಹೆಚ್ಚಿನದೇನು ಬೇಕು? ಅವಳೇ ಅತ್ತೆಗೆ ಮಾತು ಮುಟ್ಟಿಸಿದಳು. ಮಲಕಮ್ಮ ಕೊಂಕಲ್ಲಿಗೆ ಹೋಗಿ ನೋಡಿ, ಮೌನಮ್ಮ ಮಾಡಿದ ಪುಂಡಿಪಲ್ಲೆ ಎರಡು ಸಲ ಹಾಕಿಸಿಕೊಂಡು ಉಂಡು, ಉಡಿ ತುಂಬಿ ಬಂದಳು. ದೀಪಾವಳಿ ಆದ ಮೇಲೆ ಊರಿನ ಹಿರಿಯರ ಮುಂದೆ ವೀಳ್ಯದ ಶಾಸ್ತ್ರ ಎಂದು ನಿಶ್ಚಯವಾಯಿತು.

ದೀಪಾವಳಿಗೆ ಬಳೆ ತೊಡಿಸಲು ಸುಗಲಮ್ಮ ಬಂದಳು. ಊರೂರು ತಿರುಗಿ ಬಳೆ ಮಾರುವವಳು. ಮಲಕಮ್ಮನ ಕೈ ಒತ್ತುತ್ತ ಒತ್ತುತ್ತ ಮಾತು ತೆಗೆದಳು.

"ಕೊಂಕಲ್ಲ ಹೆಣ್ಣು ತರಾಕತ್ತೀರಂತ. ಛಲೋ ಆತು ಬಿಡು. ಆ ಭೀಮಮ್ಮನ್ನ ನಾ ಶ್ರಾವಣದಾಗ ನೋಡಿದ್ದೆ, ಹಕೀಮನ ಹಿತ್ತಲ ಕಟ್ಟಿ ಮ್ಯಾಲ. ಬಾಜೂಕ ಹಸರ ಸೀರಿ ಹುಡುಗಿ, ಮುಖದ ತುಂಬ ಸೆರಗು."

"ಸವದಾಕ್ಕ ಬಂದಿರಬೇಕು," ಎಂದಳು ಮಲಕಮ್ಮ.

"ಸವದಾಕ್ಕ ಸಂತಿ ದಿನ ಬರ್ತಾರ ಯವ್ವಾ, ಮಂಗಳವಾರ ಯಾರ ಬರ್ತಾರ? ಅದೂ ಹಿತ್ತಲಿಗಿ? ನನಗ್ಯಾಕ ಬೇಕು ಬಿಡು. ಕೈ ಸಡ್ಲ ಬಿಡು, ಬಳಿ ಒಡದೀತು."

ಬಳೆ ಒಡೆಯಿತು. ಮಲಕಮ್ಮ ಕೈ ಬಿಗಿ ಮಾಡಿದ್ದಳು. ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದ ರೇಣಮ್ಮ ತಲೆ ಎತ್ತಲಿಲ್ಲ.

ಸಂಜೆ ಲಾಲಪ್ಪ ಸೈಕಲ್ಲಿನಿಂದಿಳಿದು ಕೈಕಾಲು ತೊಳೆದು ಊಟಕ್ಕೆ ಕೂತ. ಮಲಕಮ್ಮ ತಾಟಿಗೆ ರೊಟ್ಟಿ ಹಾಕಿ, ಜುಣಕ ಹಾಕುವ ಮೊದಲೇ ಕೇಳಿದಳು, "ಕೊಂಕಲ್ಲ ಹುಡುಗಿ ನಿಮ್ಮಲ್ಲಿ ಬಂದಿದ್ಳಾ?"

ಲಾಲಪ್ಪ ರೊಟ್ಟಿ ಮುರಿದ. "ದುಕಾನಿನ ಮಾತು ಮನ್ಯಾಗ ಯಾಕಬೇ?"

"ಬಂದಿದ್ಳೋ ಇಲ್ಲೋ?"

"ನಾ ಹೇಳಂಗಿಲ್ಲ."

"ಸುರಪುರದಾಕಿ ಬಂದಿಲ್ಲಂತ ಹೇಳಿದ್ದೆಲ್ಲ? ಆವಾಗ ಬಾಯಿತ್ತು, ಈಗ ಬಿದ್ದುಹೋತೇನು?"

"ಅದು ತಪ್ಪಾತು."

"ಏನ್ ತಪ್ಪು? ಆಕಿನೂ ಬಂದಿದ್ಳೇನು?"

"ಯವ್ವಾ, ನಮ್ಮ ತಹಸೀಲದಾರನೂ ಹಿಂಗ ಕೇಳಿದ್ದೇ ಕೇಳಿ ಜಿರಹ ಮಾಡಂಗಿಲ್ಲ," ಎಂದು ಅಮೋಘಸಿದ್ದ ನಡುವೆ ಬಾಯಿ ಹಾಕಿದ.

"ನೀ ಸುಮ್ಮ ಕೂಡು. ನಿನ್ನ ಸಲುವಾಗೇ ಕುತಿಗಿ ಹಾಕೀನಿ." ಮಲಕಮ್ಮ ಜುಣಕದ ಬೋಗಾಣಿಯನ್ನು ನೆಲಕ್ಕೆ ಕುಕ್ಕಿದಳು. "ಬರದಾಕಿಗಿ ಬಂದಿಲ್ಲ ಅಂತಿ. ಇಕಿಗಿ ಹೇಳಂಗಿಲ್ಲ ಅಂತಿ. ನಾ ಸಾಲಿ ಕಲ್ತಿಲ್ಲ, ಇಷ್ಟ ಮಾತ್ರ ತಿಳೀತದ ನನಗ."

ಅಂದು ಜುಣಕ ಹಾಗೇ ಉಳಿಯಿತು. ಬೆಳಿಗ್ಗೆ ನಾಯಿಗೆ ಹಾಕಿದರು.

ಬೆಳಿಗ್ಗೆ ಗಂಡಹೆಂಡತಿ ಕುರಿಹಟ್ಟಿಯಲ್ಲಿ ಹಿಕ್ಕೆ ಬಳಿಯುತ್ತಿದ್ದರು. ರೇಣಮ್ಮ ಬುಟ್ಟಿ ಕೆಳಗಿಟ್ಟಳು.

"ಒಂದ 'ಇಲ್ಲ' ಅಂದಿದ್ರ ನಿಮ್ಮಪ್ಪನ ಗಂಟೇನರ ಹೋಗ್ತಿತ್ತಾ?"

"ಒಂದ ಸಲ ಅಂದಿದ್ದಕ್ಕ ಇಷ್ಟಾತು," ಎಂದ ಲಾಲಪ್ಪ. "ಸುರಪುರದ ಮಾತು ನಗಿಚಾಟಿಕಿ ಅಂತ ಹಕೀಮ ಸಾಹೇಬರ ಮುಂದ ಹೇಳಿದ್ದೆ. ತಕ್ಕಡಿ ಕೆಳಗ ಇಟ್ಟುಬಿಟ್ರು. 'ಇಲ್ಲ ಅಂದ್ಯಾ? ಹಂಗಾರ ಇನ್ನ ಮುಂದ ನೀ ಯಾರ ಬಗ್ಗಿ ಸುಮ್ಮನಿರ್ತೀಯೋ ಅವರೆಲ್ಲಾ ಹೌದು ಆದ್ರು ನೋಡು' ಅಂದ್ರು. ನನಗ ಆವಾಗ ತಿಳೀಲಿಲ್ಲ. ನಿನ್ನಿ ತಾಟಿನ ಮುಂದ ತಿಳೀತು."

"ತಿಳೀತಲ್ಲ? ಈಗ ಇಲ್ಲ ಅಂದುಬಿಡು. ಸುಳ್ಳಾಗ್ಲಿ."

"ಇವತ್ತ ಇಕಿಗಿ ಇಲ್ಲ ಅಂತೀನಿ. ನಾಳಿಗಿ ಗೋಗಿಯವರೆಲ್ಲಾ ತಮ್ಮ ತಮ್ಮ ಬೀಗರ ಹೆಸರು ಹಿಡಕೊಂಡು ಬಾಗಿಲಿಗಿ ಬರ್ತಾರ. ಎಲ್ಲಾರಿಗೂ ಇಲ್ಲ ಅನ್ನಬೇಕು. ಒಂದಿನ ಒಂದು ಸುಳ್ಳು ಬಯಲಾತು ಅಂದ್ರ, ನಾ ಇಲ್ಲ ಅಂದವರೆಲ್ಲಾ ಬೀದಿಗಿ ಬಿದ್ರು. ಅಷ್ಟು ಮಂದಿ ಹೆಣ್ಣುಮಕ್ಕಳ ಮಾತು ನನ್ನ ಹೊಟ್ಯಾಗ ಅದ, ರೇಣೀ."

"ಊರ ಹೆಣ್ಣುಮಕ್ಕಳ ಚಿಂತಿ ಅದ. ನನ್ನ ತಂಗಿದೊಂದು ಇಲ್ಲ."

"ನಿನ್ನ ತಂಗಿ ಬಂದಿದ್ಳು ಅಂತ ನಾ ಎಲ್ಲಿ ಅಂದೀನಿ?"

ರೇಣಮ್ಮ ಸೊಂಟಕ್ಕೆ ಕೈಯಿಟ್ಟಳು. "ನಾನೇ ಕಳಿಸೀನಲ್ಲೋ ಯಪ್ಪಾ! ಸೀರಿನೂ ನಂದೇ!"

ಲಾಲಪ್ಪ ಬಳಿಯುವುದನ್ನು ನಿಲ್ಲಿಸಲಿಲ್ಲ. "ನೀ ಹೇಳಿದಿ, ನಾ ಕೇಳಿದೆ. ನಾ ಏನೂ ಹೇಳಿಲ್ಲ."

ಬುಟ್ಟಿ ಎತ್ತಿ ಅವನ ತಲೆಯ ಮೇಲೇ ಸುರಿಯಬೇಕೆನ್ನಿಸಿತು ಅವಳಿಗೆ. ಆದರೆ ಇಂಥವನಲ್ಲದಿದ್ದರೆ ತಾನು ತಂಗಿಯನ್ನು ಆ ದುಕಾನಿಗೆ ಕಳಿಸುತ್ತಿದ್ದೆನೇ ಎಂದೂ ಅನ್ನಿಸಿತು. ಬುಟ್ಟಿ ಹೊತ್ತುಕೊಂಡು ತಿಪ್ಪೆಗೆ ಹೋದಳು.

ಸಂತೆಯ ದಿನ ಮಲಕಮ್ಮ ಒಂದು ಗಿಂಡಿ ತುಪ್ಪ ಕಟ್ಟಿಕೊಂಡು, ಸೊಸೆಯನ್ನು ಕರೆದುಕೊಂಡು ಸ್ವತಃ ಹಕೀಮರ ದುಕಾನಿಗೇ ಹೊರಟಳು. ಮುಂದಿನ ಬಾಗಿಲಿನಿಂದಲೇ ಹತ್ತಿದಳು. ಹಿಂದಿನ ಬಾಗಿಲಿಗೆ ಹೋದರೆ ಜನ ಏನೆಂದಾರು! ಲಾಲಪ್ಪ ತಾಯಿಯನ್ನು ಕಂಡವನೇ ಅಳಲೆಕಾಯಿಯ ಚೀಲದ ಹಿಂದೆ ಸರಿದ. ಹಕೀಮ ನಸೀರುದ್ದೀನರು ಬಿಳಿಗಡ್ಡದ ಸಣ್ಣ ಮನುಷ್ಯ. ಎದ್ದು ನಿಂತು ಮಾತಾಡಿಸಿದರು.

"ಬರ್ರಿ ಅಮ್ಮಾ, ಬೈಠೋ. ತುಪ್ಪ ತಂದೀರಿ ಅಂದ್ರ ಮಾತು ದೊಡ್ಡದೇ ಇರಬೇಕು."

"ಕೊಂಕಲ್ಲ ಭೀಮಮ್ಮನ ಮಗಳು ನಿಮ್ಮಲ್ಲಿ ದವಾ ತಗೊಂಡಾಳೇನ್ರಿ? ಇಷ್ಟ ಹೇಳ್ರಿ, ಎದ್ದು ಹೋಗ್ತೀನಿ."

"ಅಮ್ಮಾ, ನಾಳೆ ಯಾರೋ ಬಂದು, ಗೋಗಿ ಮಲಕಮ್ಮ ನಿಮ್ಮಲ್ಲಿ ದವಾ ತಗೊಂಡಾಳೇನು ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

"ಇಲ್ಲ ಅನ್ರಿ! ನಾ ಎಂದ ಬಂದೀನಿ?"

"ನಾ ಹೇಳಂಗಿಲ್ಲ."

"ಏನು? ಬರದಾಕಿಗಿ ಬಂದಿಲ್ಲ ಅನ್ನಾಕ ಏನ್ ಧಾಡಿರಿ?"

"ಬಂದವರಿಗೂ ಅದೇ ಮಾತು, ಬರದವರಿಗೂ ಅದೇ ಮಾತು. ಎಲ್ಲರ ಇಜ್ಜತ್ ಒಂದೇ ಬೀಗದಾಗ ಇಟ್ಟೀನಿ. ನಿಮ್ಮೊಬ್ಬರ ಸಲುವಾಗಿ ತೆಗೆದ್ರ ಎಲ್ಲರದೂ ತೆಗೀತದ."

ತುಪ್ಪದ ಗಿಂಡಿಯನ್ನು ಎರಡೂ ಕೈಯಿಂದ ಎತ್ತಿ ವಾಪಸು ಕೊಟ್ಟರು. ಬಸ್ಸಿನಲ್ಲಿ ಮಲಕಮ್ಮನಿಗೆ ಸಿಟ್ಟು ತಡೆಯಲಾಗಲಿಲ್ಲ. "ನಾ ಅವನ ದವಾ ತಗೊಂಡಾಕಿ ಅಲ್ಲೇ ಅಲ್ಲ. ಅಲ್ಲ ಅಂತ ಹೇಳಾಕ ಅವನಿಗೇನಾಗ್ಯಾದ?" ಎಂದು ಪಕ್ಕದವಳಿಗೆ ಹೇಳಿದಳು. ಹಿಂದಿನವರಿಗೂ ತಿರುಗಿ ಹೇಳಿದಳು. ಕೇಳದೆಯೇ ಇಷ್ಟು ಸಲ ಹೇಳಿಸಿಕೊಂಡ ಮೇಲೆ ಪಕ್ಕದವಳು ಕೂಸನ್ನು ಆಚೆ ತೊಡೆಗೆ ಹಾಕಿಕೊಂಡು ಸ್ವಲ್ಪ ಸರಿದು ಕೂತಳು. ರೇಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಹೊರಗೆ ನೋಡಿದಳು. ನಗುವುದೋ ಅಳುವುದೋ ಗೊತ್ತಾಗಲಿಲ್ಲ.

ವೀಳ್ಯಕ್ಕೆ ವಾರ ಉಳಿದಿರುವಾಗ ಮಲಕಮ್ಮ ತೀರ್ಮಾನ ಹೇಳಿದಳು. ಎಲ್ಲರೂ ಊಟಕ್ಕೆ ಕೂತಿದ್ದರು. ರೇಣಮ್ಮನ ಮಗಳು ಮಾನಮ್ಮ, ನಾಲ್ಕು ವರ್ಷದ ಕೂಸು, ಅಜ್ಜಿಯ ತಾಟಿನಿಂದಲೇ ತಿನ್ನುತ್ತಿತ್ತು.

"ಸಿದ್ದ್ಯಾ, ಐತವಾರ ಸೂಟಿ ಅದಲ್ಲ, ಕೊಂಕಲ್ಲಿಗಿ ಹೋಗಿ ಬ್ಯಾಡ ಅಂತ ಹೇಳಿ ಬಾ."

"ಯಾಕಂತ ಕೇಳಿದ್ರ?"

"ಏನೂ ಹೇಳ್ಬ್ಯಾಡ. ತಿಳ್ಕೋತಾರ."

"ನನಗ ಆ ಹುಡುಗಿನೇ ಬೇಕಬೇ."

"ಬೇಕು ಅಂತಿ. ನಾಳಿಗಿ ಆಕಿ ಕೂಸಿನ್ನ ತಗೊಂಡು ಬಾವಿಗಿ ಹಾರಿದ್ರ ಹಗ್ಗ ಹಿಡಕೊಂಡು ನಿಂದರಾಂವ ಯಾರು? ನಿಮ್ಮ ತಹಸೀಲದಾರನೇನು?"

ರೇಣಮ್ಮ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಬೇರೆ ಯಾರ ಮನೆಯಿಂದ ಬೇಡವೆಂದು ಬಂದಿದ್ದರೂ ಜನ ಕಾರಣ ಕೇಳುತ್ತಿದ್ದರು. ಕೊಡುವುದು ತೆಗೆದುಕೊಳ್ಳುವುದು ಹೊಂದಲಿಲ್ಲ ಎಂದರೆ ನಡೆಯುತ್ತಿತ್ತು. ಹಕೀಮರ ದುಕಾನಿನಲ್ಲಿ ದುಡಿಯುವವನ ಮನೆಯಿಂದ ಬೇಡವೆಂದು ಬಂದರೆ ಕಾರಣ ಕೇಳುವವರು ಯಾರು? ಕೊಂಕಲ್ಲಿನಿಂದ ಯಾದಗಿರಿಯ ತನಕ ಮೌನಮ್ಮನಿಗೆ ಇನ್ನು ಗಂಡು ಸಿಗುವುದಿಲ್ಲ. ಹುಡುಗಿ ಗುಣವಾದದ್ದೂ ಸುಳ್ಳಾಗುತ್ತದೆ. ಎಲ್ಲರೂ ಹುಚ್ಚಿ ಹುಚ್ಚಿ ಎಂದರೆ ಯಾರ ಕೈ ನಡುಗುವುದಿಲ್ಲ?

ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ ಅವಳು ಹೇಳಿದಳು, "ಅತ್ತೀ, ಆ ಹಸರ ಸೀರಿಯಾಕಿ ನಾನು."

ಕೂಸು ಅಜ್ಜಿಯ ತಾಟಿಗೆ ಕೈಚಾಚಿ "ಪಲ್ಯಾ" ಎಂದಿತು.

"ನೀ ಪಂಚಮಿಗಿ ಹೋಗಿದ್ದಿ," ಎಂದಳು ಮಲಕಮ್ಮ.

"ಪಂಚಮಿಗೇ ಹೋಗಿದ್ದೆ. ಅಲ್ಲಿಂದ ಅವ್ವ ಕರಕೊಂಡು ಹೋದ್ಳು. ಸುಗಲಮ್ಮ ಅವ್ವನ ಮುಖ ನೋಡ್ಯಾಳ, ನನ್ನ ಮುಖ ನೋಡಿಲ್ಲ. ಸೀರಿ ನೋಡ್ರಿ, ಗಂಟಿನ್ಯಾಗ ಅದ."

"ನಿನಗೇನಾಗಿತ್ತು?"

"ಕೂಸು ಹೋದಾಗಿಂದ ಛಂದ ಇಲ್ಲ ನನಗ."

"ಎಲ್ಲಾರ ಕೂಸೂ ಹೋಗ್ತಾವ. ನಂದೂ ಎರಡು ಹೋಗ್ಯಾವ."

"ನಿಮ್ಮವು ಮನ್ಯಾಗ ಹೋಗ್ಯಾವ. ನಂದು ಹೊಲದಾಗ ಹೋತು." ರೇಣಮ್ಮ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಕಳೇವು ಹಿಂದಬಿತ್ತು ಅಂತ ಹಸಿಮೈ ಬಾಣಂತಿನ್ನ ಕರಕೊಂಡು ಹೋದ್ರಿ. ಜಾಲಿಗಿಡಕ್ಕ ಜೋಳಿಗಿ ಕಟ್ಟಿದ್ವಿ. ಮಳಿ ಬಂತು. ಸಾಲು ಮುಗಿಸಿ ಹೋಗೂನು ಅಂದ್ರಿ ನೀವು. ನಾ ಮುಗಿಸಿದೆ. ಜೋಳಿಗಿ ನೀರ ಕುಡದು ಭಾರ ಆಗಿತ್ತು. ಈಗೂ ಮಳಿ ಬಂದ್ರ ನನ್ನ ಕೈ ಆ ಭಾರ ಹಿಡಕೋತದ."

ಅವಳು ಹೇಳಬೇಕೆಂದಿದ್ದುದು ಇಷ್ಟಲ್ಲ. ಸುಳ್ಳಿಗೆಂದು ಬಾಯಿ ತೆರೆದಿದ್ದಳು, ಬಂದದ್ದು ವರ್ಷದಿಂದ ಯಾರ ಮುಂದೆಯೂ ಆಡದೆ ಇಟ್ಟುಕೊಂಡಿದ್ದ ಮಾತು. ಹೆಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತು.

ಮಲಕಮ್ಮ ತಾಟು ಆಚೆ ಸರಿಸಿದಳು. ಹಿರಿಮಗನ ಕಡೆಗೆ ತಿರುಗಿದಳು. "ಲಾಲ್ಯಾ, ಖರೇನೇನೋ ಇದು? ನಿನ್ನ ಹೆಂಡ್ತೀನಾ ಬಂದಾಕಿ?"

ಲಾಲಪ್ಪ ಹೆಂಡತಿಯನ್ನು ನೋಡಿದ. ಅವಳು ಬಂದಿರಲಿಲ್ಲ. ಅವಳನ್ನು ಬಿಟ್ಟರೆ ಅದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಇನ್ನೊಬ್ಬರಿಲ್ಲ. ಇಲ್ಲ ಎಂದರೆ ಹೆಂಡತಿ ಉಳಿಯುತ್ತಾಳೆ, ನಾದಿನಿ ಬೀಳುತ್ತಾಳೆ. ಹೌದು ಎಂದರೆ ಸುಳ್ಳು. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದ.

"ನಾ ಹೇಳಂಗಿಲ್ಲವ್ವಾ."

ಅಷ್ಟೇ ಸಾಕಾಯಿತು. ಮಲಕಮ್ಮ ಎದ್ದು ಬಂದು ಸೀದ ರೊಟ್ಟಿಯನ್ನು ತಾನೇ ತೆಗೆದು ಹಾಕಿದಳು. ಸೊಸೆಯ ಕೈ ಹಿಡಿದು ಒಲೆಯಿಂದ ಆಚೆ ಕೂಡಿಸಿದಳು. ಇಬ್ಬರು ಗಂಡುಮಕ್ಕಳ ಕಡೆಗೆ ನೋಡಿ, "ಈ ಮಾತು ಹೊಸ್ತಿಲ ದಾಟಿತು ಅಂದ್ರ ನನ್ನ ಹೆಣ ನೋಡ್ತೀರಿ," ಎಂದಳು.

ಮಲಕಮ್ಮ ಲೆಕ್ಕದ ಹೆಂಗಸು. ಮರುದಿನ ಬೆಳಗಾಗುವುದರೊಳಗೆ ಎಲ್ಲವನ್ನೂ ತೂಗಿ ನೋಡಿದ್ದಳು. ರೋಗ ಕೊಂಕಲ್ಲಿನ ರಕ್ತದ್ದಲ್ಲ, ತನ್ನ ಹೊಲದ್ದು. ಹಿರಿಸೊಸೆ ಹೀಗೆ ಎಂದು ಹೊರಗೆ ಗೊತ್ತಾದರೆ ಚಪರಾಸಿಯಲ್ಲ, ತಹಸೀಲದಾರನಾದರೂ ಹೆಣ್ಣು ಸಿಗುವುದಿಲ್ಲ. ಬೇರೆ ಮನೆಯ ಹೆಣ್ಣು ತಂದರೆ ಅವಳು ಇದನ್ನು ತವರಿಗೆ ಒಯ್ಯದೆ ಬಿಡುವುದಿಲ್ಲ. ಸ್ವಂತ ತಂಗಿಯಾದರೆ ಬಾಯಿ ಮುಚ್ಚಿಕೊಂಡು ಅಕ್ಕನನ್ನು ನೋಡಿಕೊಳ್ಳುತ್ತಾಳೆ. ಆ ಬೆಳಿಗ್ಗೆಯೇ ಅವಳು ಅಮೋಘಸಿದ್ದನನ್ನು ಬಿಟ್ಟು ತಾನೇ ಕೊಂಕಲ್ಲಿನ ಬಸ್ಸು ಹತ್ತಿದಳು. ವೀಳ್ಯವೂ ಆಯಿತು, ಮಾಘದಲ್ಲಿ ಮದುವೆಯೂ ಆಯಿತು. ಹಂದರದಲ್ಲಿ ಮಲಕಮ್ಮ ಬೀಗತಿ ಭೀಮಮ್ಮನ ಕಿವಿಯಲ್ಲಿ, "ನನಗ ಎಲ್ಲಾ ಗೊತ್ತಾಗ್ಯಾದ. ನೀ ಏನೂ ಹೆದರಬ್ಯಾಡ, ನಾ ನೋಡ್ಕೋತೀನಿ," ಎಂದಳು. ಭೀಮಮ್ಮ ಅದನ್ನು ಕಿರಿಮಗಳ ಮಾತೆಂದು ತಿಳಿದು ಕಣ್ಣೀರು ಹಾಕಿ ಬೀಗತಿಯ ಕಾಲು ಹಿಡಿದಳು.

ಮೌನಮ್ಮ ಬಂದ ಮೇಲೆ ಮನೆ ಸುಧಾರಿಸಿತು. ಅವಳು ಹೆಸರಿಗಷ್ಟೇ ಮೌನಮ್ಮ. ಗಂಡನ ಖಾಕಿ ಅಂಗಿಗೆ ಗಂಜಿ ಹಾಕುತ್ತ, "ಸಾಹೇಬ್ರು ಇವತ್ತ ಎಷ್ಟು ಮಂದಿಗಿ ನೀರು ಕೊಟ್ರು?" ಎಂದು ಅವನನ್ನೇ ಕಾಡುತ್ತಿದ್ದಳು. ಎಣಗಾಯಿ, ಶೇಂಗಾಹಿಂಡಿ, ಮುಟಗಿ ಎಲ್ಲ ಅವಳ ಕೈಯದು.

ಮಲಕಮ್ಮ ಮಾತಿಗೆ ತಪ್ಪಲಿಲ್ಲ, ಹಿರಿಸೊಸೆಯನ್ನು ನೋಡಿಕೊಂಡಳು. ಅಬ್ಬೆತುಮಕೂರಿನ ಮಠಕ್ಕೆ ಕರೆದೊಯ್ದು ಗದ್ದುಗೆಗೆ ಹಣೆ ಹಚ್ಚಿಸಿ, ಕೈಗೆ ದಾರ ಕಟ್ಟಿಸಿಕೊಂಡು ಬಂದಳು. ಬಿಸಿಲಿಗೆ ಹೋಗಬೇಡ ಎಂದಳು. ಮಜ್ಜಿಗೆಯಲ್ಲಿ ಬೆಣ್ಣೆ ತೇಲಿಸಿ ಕೊಟ್ಟಳು. ಬಾವಿಗೆ ಒಬ್ಬಳನ್ನೇ ಬಿಡಲಿಲ್ಲ. ಕೊಡ ಹೊತ್ತು ಹೊರಟರೆ "ಮೌನೀ, ಅಕ್ಕನ ಸಂಗಟ ಹೋಗು" ಎಂದು ಒಳಗಿನಿಂದ ಕೂಗು ಬರುತ್ತಿತ್ತು. ಮಾನಮ್ಮನನ್ನು ತನ್ನ ಮಗ್ಗುಲಿಗೆ ಹಾಕಿಕೊಂಡಳು. "ನೀ ನಿದ್ದಿ ಮಾಡು ರೇಣೀ. ಕೂಸು ಒದ್ದಾಡ್ತದ."

ಒಂದು ದಿನ ಬಾವಿಯ ದಾರಿಯಲ್ಲಿ ಮೌನಮ್ಮ ಕೊಡ ಇಳಿಸಿ ನಿಂತಳು. "ಅಕ್ಕಾ, ನನ್ನಿಂದ ಆಗವಲ್ದು. ಇವತ್ತ ಅತ್ತಿಗಿ ಹೇಳಿಬಿಡ್ತೀನಿ, ನಾನೇ ಅಂತ."

"ಹೇಳು. ಇಬ್ಬರಿಗೂ ದಾರ ಕಟ್ಟಿಸ್ತಾಳ. ಆಮ್ಯಾಲ ನನ್ನ ಮಗಳಿಗೂ ಕಟ್ಟಿಸ್ತಾಳ."

"ಮತ್ತ ನೀ ಹಿಂಗೇ ಇರಾಕಿಯೇನು?"

"ಕೊಡ ಎತ್ತು. ತಡ ಆದ್ರ ಹುಡುಕ್ಕೊಂಡು ಬರ್ತಾಳ, ನಾ ಹಾರೀನಿ ಅಂತ."

ಇಬ್ಬರೂ ನಕ್ಕರು. ನಗು ಜೋರಾಯಿತೆಂದು ರೇಣಮ್ಮನೇ ಮೊದಲು ನಿಲ್ಲಿಸಿದಳು. ಈಗ ಅವಳು ಹೆಚ್ಚು ನಕ್ಕರೂ ಮನೆಯವರು ಮುಖ ನೋಡುತ್ತಿದ್ದರು.

ಲಾಲಪ್ಪ ಒಮ್ಮೆ ಕುರಿಗೆ ಸೊಪ್ಪು ಹಾಕುತ್ತ ಕೇಳಿದ, "ಒಂದ ಸಲ ಇಲ್ಲ ಅಂದುಬಿಡ್ಲಾ? ಹಕೀಮ ಸಾಹೇಬರು ಕೆಲಸ ಬಿಡಿಸಿದ್ರ ಬಿಡಿಸ್ಲಿ. ಕೂಲಿ ಮಾಡ್ತೀನಿ."

"ನಾ ಅಲ್ಲ ಅಂದ್ರ, ಅವ್ವನ ಬಾಜೂಕ ಕುಂತಾಕಿ ಯಾರು ಅಂತ ಕೇಳ್ತಾಳ ನಿಮ್ಮವ್ವ. ಅದಕ್ಕೇನ್ ಹೇಳ್ತಿ?"

ಲಾಲಪ್ಪ ಕುರಿಗಳ ಮುಂದೆ ಇನ್ನೊಂದು ಕಟ್ಟು ಬಿಚ್ಚಿದ. ಸೊಪ್ಪು ಮುಗಿಯಿತು.

ಬೇಸಿಗೆಗೆ ಉಣ್ಣೆಯ ವ್ಯಾಪಾರಿ ಮನ್ಸೂರಅಲಿ ಬಂದ. ಮದುವೆಯಾಗಿ ಬಂದಾಗಿನಿಂದ ಉಣ್ಣೆಯ ತೂಕಕ್ಕೆ ನಿಲ್ಲುತ್ತಿದ್ದವಳು ರೇಣಮ್ಮ. ಪ್ರತಿ ವರ್ಷ ಅತ್ತೆಸೊಸೆಗೆ ಅದರ ಮೇಲೆ ದೊಡ್ಡ ಜಗಳ ಆಗುತ್ತಿತ್ತು. ಅತ್ತೆ ಬೇಗ ಕೊಟ್ಟು ಕಳಿಸು ಎನ್ನುವವಳು, ಸೊಸೆ ಮತ್ತೆ ತೂಗು ಎನ್ನುವವಳು. ಮನ್ಸೂರಅಲಿ ನಡುವೆ ಕೂತು ಚಹಾ ಕುಡಿಯುವನು. ಈ ಸಲವೂ ರೇಣಮ್ಮ ಬಂದು ತಕ್ಕಡಿ ನೋಡಿದಳು.

"ಮಾಮಾ, ಬಲಗಡಿ ತಟ್ಟಿ ಕೆಳಗ ಏನೋ ಹತ್ಯಾದ. ಬಿಚ್ಚಿ ತೋರಸ್ರಿ. ಅತ್ತೀ, ಮತ್ತ ತೂಗಸ್ರಿ ಇದನ್ನ."

ಮಲಕಮ್ಮ ಜಗಳಕ್ಕೆ ಬರಲಿಲ್ಲ. "ನಿನಗೇನ್ ತಿಳೀತದ, ಎದ್ದ ಹೋಗ ಒಳಗ" ಎನ್ನಲಿಲ್ಲ. ಮೆತ್ತಗೆ ಸೊಸೆಯ ಬೆನ್ನು ಸವರಿದಳು.

"ಹೌದು ತಂಗಿ, ನೀ ಹೇಳಿದ್ದೇ ಖರೇ. ಹೋಗಿ ಸ್ವಲ್ಪ ಅಡ್ಡಾಗು."

ಮನ್ಸೂರಅಲಿ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡ. ತೂಕ ಮೊದಲು ಹೇಳಿದ್ದೇ ನಿಂತಿತು.

ಮೌನಮ್ಮನಿಗೆ ಮನೆ ಸಿಕ್ಕಿತು. ಮೆಚ್ಚಿ ತಂದ ಗಂಡ ಸಿಕ್ಕ. ಹಕೀಮರ ಹಿತ್ತಲಿಗೆ ಹೋದ ಯಾವ ಹೆಣ್ಣಿನ ಹೆಸರೂ ಲಾಲಪ್ಪನ ಬಾಯಿಂದ ಹೊರಗೆ ಬೀಳಲಿಲ್ಲ. ರೇಣಮ್ಮನಿಗೆ ಹೊಟ್ಟೆ ತುಂಬ ಊಟವಿತ್ತು, ಮೈತುಂಬ ಸೀರೆಯಿತ್ತು, ಮನೆಯವರೆಲ್ಲರ ಅಕ್ಕರೆಯಿತ್ತು. ಹೋದದ್ದು ಒಂದೇ. ಆ ಮನೆಯಲ್ಲಿ ಮುಂದೆ ಯಾರೂ ಅವಳ ಜೊತೆ ಜಗಳಾಡಲಿಲ್ಲ.